ಡಿಸ್ನಿಯಾಚೆಯ ಅಮೆರಿಕ: ಎಲ್ಲರ ಸ್ವತ್ತಿಗೆ ಎರಡು ದರ

ಅಮೆರಿಕ ಪ್ರವಾಸವೆಂದೊಡನೆ ನಮ್ಮ ನಗರವಾಸಿಗಳ ಕಣ್ಣಮುಂದೆ ಮೊದಲು ಸುಳಿಯುವುದು ಡಿಸ್ನಿಯ ಕೋಟೆ ಗೋಪುರಗಳು. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್, ಫ್ಲಾರಿಡಾದಲ್ಲಿ 1971ರಲ್ಲಿ ಡಿಸ್ನಿ ವರ್ಲ್ಡ್ ತೆರೆದಂದಿನಿಂದ ಆ ದೇಶದ ರಜಾಕಾಲದ ಚಿತ್ರವೇ ಅವುಗಳಾಗಿವೆ. ಆದರೆ ಬೇಸಿಗೆ ರಜೆ ಬಂದಾಗ ಮಕ್ಕಳುಮರಿಗಳನ್ನು, ಗುಡಾರವನ್ನು, ಬುತ್ತಿಯನ್ನು ಕಾರಿಗೆ ತುಂಬಿಕೊಂಡು ಹೊರಡುವ ಬಹುಸಂಖ್ಯಾತ ಅಮೆರಿಕನ್ನರ ದಾರಿ ಬೇರೆಯೇ. ಅದು ಬೆಟ್ಟ, ಕಣಿವೆ, ಕಾಡು ಮತ್ತು ಬಿಸಿನೀರಿನ ಬುಗ್ಗೆಗಳ ದಾರಿ. ರಾಷ್ಟ್ರೀಯ ಉದ್ಯಾನ ಸೇವೆಯ ಆಡಳಿತದಲ್ಲಿರುವ ನಾನ್ನೂರಕ್ಕೂ ಹೆಚ್ಚು ತಾಣಗಳಲ್ಲಿ 2024ರಲ್ಲಿ ದಾಖಲಾದ ಭೇಟಿಗಳ ಸಂಖ್ಯೆ 33.19 ಕೋಟಿ. ಲೆಕ್ಕವಿಡಲು ಆರಂಭಿಸಿದ 1904ರಿಂದ ಅಲ್ಲಿಯವರೆಗೆ ಇಷ್ಟು ದೊಡ್ಡ ಸಂಖ್ಯೆ ಎಂದೂ ಬಂದಿರಲಿಲ್ಲ.

ಈ ದಾಖಲೆಯ ಬೆನ್ನಲ್ಲೇ ಆ ಉದ್ಯಾನಗಳು ತಮ್ಮ ಇತಿಹಾಸದ ಅತ್ಯಂತ ಕಠಿಣ ದಿನಗಳನ್ನು ಎದುರಿಸತೊಡಗಿದ್ದು ವಿಪರ್ಯಾಸ. 2025ರಲ್ಲಿ ಸಿಬ್ಬಂದಿ ಕಡಿತವಾಯಿತು, ಕಾಳ್ಗಿಚ್ಚು ಬಂದಿತು, ಸರ್ಕಾರದ ಕಚೇರಿಗಳೇ ನಲವತ್ಮೂರು ದಿನ ಸ್ಥಗಿತಗೊಂಡವು. 2026ರ ಜನವರಿ 1ರಿಂದ ವಿದೇಶಿ ಪ್ರವಾಸಿಗರಿಗೆ ಪ್ರತ್ಯೇಕ ದರ ಜಾರಿಗೆ ಬಂದಿತು. ಇವೆಲ್ಲ ಬಿಡಿ ಸುದ್ದಿಗಳಂತೆ ಕಂಡರೂ ಅವುಗಳ ಹಿಂದಿರುವ ಪ್ರಶ್ನೆ ಒಂದೇ: ಎಲ್ಲರಿಗೂ ಸೇರಿದ ಸ್ವತ್ತನ್ನು ಕಾಪಾಡುವ ಹೊಣೆ ಯಾರದು, ಅದರ ಖರ್ಚನ್ನು ಹೊರಬೇಕಾದವರು ಯಾರು?

ಒಂದು ಕಲ್ಪನೆಯ ಹುಟ್ಟು

ಅಂತರ್ಯುದ್ಧ ಇನ್ನೂ ಮುಗಿಯದಿದ್ದ 1864ರಲ್ಲಿಯೇ ಅಧ್ಯಕ್ಷ ಅಬ್ರಹಾಂ ಲಿಂಕನ್ ಯೊಸೆಮಿಟಿ ಕಣಿವೆಯನ್ನು ಸಾರ್ವಜನಿಕ ಉಪಯೋಗಕ್ಕೆಂದು ಕ್ಯಾಲಿಫೋರ್ನಿಯಾ ರಾಜ್ಯದ ವಶಕ್ಕೆ ನೀಡುವ ಕಾನೂನಿಗೆ ಸಹಿ ಹಾಕಿದ್ದರು. 1872ರ ಮಾರ್ಚ್ 1ರಂದು ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆನಿಸಿತು. 1916ರಲ್ಲಿ ಇವೆಲ್ಲವನ್ನೂ ಒಂದೇ ಸೂರಿನಡಿ ತರಲು ರಾಷ್ಟ್ರೀಯ ಉದ್ಯಾನ ಸೇವೆ ಸ್ಥಾಪನೆಯಾಯಿತು. ಆ ಸಂಸ್ಥೆಗೆ ಕಾನೂನು ವಹಿಸಿದ ಕರ್ತವ್ಯ ಎರಡು: ಇಂದಿನವರು ನೋಡಿ ಆನಂದಿಸಲು ಅವಕಾಶ ಮಾಡಿಕೊಡಬೇಕು, ಮುಂದಿನ ಪೀಳಿಗೆಗೆ ಕುಂದಿಲ್ಲದಂತೆ ಉಳಿಸಿಕೊಡಬೇಕು. ಈ ಎರಡರ ನಡುವಿನ ಎಳೆದಾಟವೇ ನೂರು ವರ್ಷಗಳಿಂದ ಅದರ ಕಥೆಯಾಗಿದೆ.

ಈಗ ಉದ್ಯಾನವೆಂಬ ಹೆಸರು ಹೊತ್ತ ತಾಣಗಳು 63 ಇವೆ. ಅತಿ ಹೆಚ್ಚು ಜನ ಹೋಗುವುದು ನಮ್ಮಲ್ಲಿ ಅಷ್ಟಾಗಿ ಹೆಸರು ಕೇಳಿರದ ಗ್ರೇಟ್ ಸ್ಮೋಕಿ ಪರ್ವತಗಳಿಗೆ. ಟೆನೆಸ್ಸಿ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿರುವ ಈ ಮಂಜು ಮುಸುಕಿದ ಬೆಟ್ಟಸಾಲಿಗೆ 2024ರಲ್ಲಿ ಸುಮಾರು 1.22 ಕೋಟಿ ಭೇಟಿಗಳು ದಾಖಲಾದವು. ಪೂರ್ವ ಭಾಗದ ಜನನಿಬಿಡ ನಗರಗಳಿಂದ ಒಂದು ದಿನದ ಕಾರಿನ ದಾರಿ, ಪ್ರವೇಶ ಶುಲ್ಕವಿಲ್ಲ. ವಾಹನ ನಿಲುಗಡೆಗೆ ಮಾತ್ರ 2023ರಿಂದ ಹಣ ಕೊಡಬೇಕು. 2024ರಲ್ಲಿ ಝಯಾನ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್‌ಗಳಿಗೆ ತಲಾ ಸುಮಾರು 49 ಲಕ್ಷ, ಯೆಲ್ಲೊಸ್ಟೋನ್‌ಗೆ 47 ಲಕ್ಷ, ಯೊಸೆಮಿಟಿಗೆ 41 ಲಕ್ಷ ಭೇಟಿಗಳಾದವು.

ಜನಪ್ರಿಯತೆಯ ಗುಟ್ಟು ನಿಸರ್ಗದ ಸೊಬಗಿನಲ್ಲಿ ಮಾತ್ರವಿಲ್ಲ, ಲೆಕ್ಕಾಚಾರದಲ್ಲಿಯೂ ಇದೆ. ಡಿಸ್ನಿಯ ಪ್ರಮುಖ ಉದ್ಯಾನದಲ್ಲಿ ರಜಾದಿನಗಳಂದು ಒಬ್ಬರ ಒಂದು ದಿನದ ಟಿಕೆಟ್ 180 ಡಾಲರ್ ದಾಟುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿಯಾದರೋ ಒಂದು ಕಾರಿಗೆ, ಅದರಲ್ಲಿದ್ದ ಎಲ್ಲರಿಗೂ ಸೇರಿ, ಏಳು ದಿನಗಳಿಗೆ 35 ಡಾಲರ್. ಮಧ್ಯಮ ವರ್ಗದ ಕುಟುಂಬವೊಂದು ಸಾಲ ಮಾಡದೆ ಮಕ್ಕಳಿಗೆ ಜಗತ್ತಿನ ಅದ್ಭುತವೊಂದನ್ನು ತೋರಿಸಬಹುದಾದ ದರವದು. ಯೆಲ್ಲೊಸ್ಟೋನ್‌ನ ಬುಗ್ಗೆ ಚಿಮ್ಮುವಾಗ ಕೋಟ್ಯಧಿಪತಿಯೂ ಲಾರಿ ಚಾಲಕನೂ ಒಂದೇ ಬೆಂಚಿನ ಮೇಲೆ ಕುಳಿತು ನೋಡುತ್ತಾರೆ. ಈ ಸಮಾನತೆಯನ್ನು ಅಮೆರಿಕನ್ನರು ತಮ್ಮ ದೇಶದ ಹೆಮ್ಮೆ ಎಂದೇ ಭಾವಿಸಿದ್ದಾರೆ.

ಜನಸಾಗರ, ಬರಿದಾದ ಬೊಕ್ಕಸ

ಹೆಮ್ಮೆಯ ಮನೆಗೆ ಸುಣ್ಣ ಬಳಿಯಲು ಮಾತ್ರ ಹಣವಿಲ್ಲ. ರಸ್ತೆ, ಸೇತುವೆ, ನೀರಿನ ಕೊಳವೆ, ಶೌಚಾಲಯ, ಸಿಬ್ಬಂದಿ ವಸತಿ ಇವುಗಳ ದುರಸ್ತಿಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದ ಪರಿಣಾಮವಾಗಿ ಬಾಕಿ ಕೆಲಸಗಳ ಮೊತ್ತ ಸುಮಾರು 2,300 ಕೋಟಿ ಡಾಲರ್ ತಲುಪಿದೆ. ಸಂಸ್ಥೆಯ ವಾರ್ಷಿಕ ಅನುದಾನವಾದರೋ 2024ರಲ್ಲಿ ಸುಮಾರು 330 ಕೋಟಿ ಡಾಲರ್. 2020ರಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಅಂಗೀಕಾರವಾದ, ಅಂದು ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಅವರೇ ಸಹಿ ಹಾಕಿದ ಕಾನೂನೊಂದು ದುರಸ್ತಿಗಾಗಿ ಉದ್ಯಾನಗಳಿಗೆ ವರ್ಷಕ್ಕೆ 130 ಕೋಟಿ ಡಾಲರ್‌ವರೆಗೆ ಒದಗಿಸಿತು. ಐದು ವರ್ಷಗಳ ಆ ಯೋಜನೆಯ ಅವಧಿ 2025ಕ್ಕೆ ಮುಗಿಯಿತು.

ಇನ್ನೊಂದೆಡೆ ಜನದಟ್ಟಣೆ. ಯೂಟಾ ರಾಜ್ಯದ ಆರ್ಚಸ್ ಉದ್ಯಾನಕ್ಕೆ 2010ರಲ್ಲಿ ಸುಮಾರು 10 ಲಕ್ಷ ಭೇಟಿಗಳಾಗಿದ್ದರೆ 2021ರಲ್ಲಿ ಅದು 18 ಲಕ್ಷಕ್ಕೇರಿತು. ಮರುವರ್ಷವೇ ಅಲ್ಲಿ ಮೊದಲೇ ಸಮಯ ಕಾಯ್ದಿರಿಸಿ ಬರುವ ಪದ್ಧತಿಯನ್ನು ಪ್ರಾಯೋಗಿಕವಾಗಿ ತರಬೇಕಾಯಿತು. ಝಯಾನ್‌ನ ಕಿರಿದಾದ ಕಣಿವೆಯಲ್ಲಿ ಬಹುತೇಕ ವರ್ಷವಿಡೀ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. 2000ದಿಂದಲೇ ಉದ್ಯಾನದ ಉಚಿತ ಬಸ್ಸುಗಳು ಜನರನ್ನು ಒಯ್ಯುತ್ತಿವೆ. ನಿಯಮ ಸರಿಯಾಗಿದ್ದರೆ, ಅದನ್ನು ಜಾರಿ ಮಾಡುವ ಸಿಬ್ಬಂದಿ ಇದ್ದರೆ ದಟ್ಟಣೆಯನ್ನೂ ನಿಭಾಯಿಸಬಹುದು ಎಂಬುದಕ್ಕೆ ಝಯಾನ್ ಸಾಕ್ಷಿ.

ಆ ಸಿಬ್ಬಂದಿಯ ಮೇಲೆಯೇ 2025ರಲ್ಲಿ ಕತ್ತರಿ ಬಿದ್ದಿತು. ಫೆಬ್ರವರಿ ಮಧ್ಯದಲ್ಲಿ ಸುಮಾರು ಒಂದು ಸಾವಿರ ಪ್ರೊಬೇಷನರಿ ನೌಕರರನ್ನು ಒಮ್ಮೆಲೇ ವಜಾಗೊಳಿಸಲಾಯಿತು. ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ನೆತ್ತಿಯಲ್ಲಿ ನೌಕರರು ರಾಷ್ಟ್ರಧ್ವಜವನ್ನು ತಲೆಕೆಳಗಾಗಿ ತೂಗುಹಾಕಿ ಅಪಾಯದ ಸಂಕೇತ ನೀಡಿದ ದೃಶ್ಯ ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ನ್ಯಾಯಾಲಯದ ಆದೇಶದಿಂದ ಹಲವರು ಮರಳಿದರಾದರೂ ಸ್ವಯಂನಿವೃತ್ತಿ, ರಾಜೀನಾಮೆಗಳೂ ಸೇರಿ ಆ ವರ್ಷದ ಬೇಸಿಗೆಯ ಹೊತ್ತಿಗೆ ಕಾಯಂ ಸಿಬ್ಬಂದಿಯಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾಗಿತ್ತೆಂದು ಉದ್ಯಾನಗಳ ಪರವಾಗಿ ದುಡಿಯುವ ನ್ಯಾಷನಲ್ ಪಾರ್ಕ್ಸ್ ಕನ್ಸರ್ವೇಷನ್ ಅಸೋಸಿಯೇಷನ್ ಲೆಕ್ಕ ಹಾಕಿತು. ಮುಂದಿನ ವರ್ಷದ ಬಜೆಟ್‌ನಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚಿನ ಕಡಿತವನ್ನು ಶ್ವೇತಭವನ ಪ್ರಸ್ತಾಪಿಸಿತು. 2025ರ ಜುಲೈನಲ್ಲಿ ಸಂಸತ್ತಿನ ಎರಡೂ ಸದನಗಳ ಅನುದಾನ ಸಮಿತಿಗಳು ಅಷ್ಟು ದೊಡ್ಡ ಕಡಿತಕ್ಕೆ ಒಪ್ಪಲಿಲ್ಲವೆಂಬುದು ಗಮನಾರ್ಹ. ಉದ್ಯಾನಗಳ ವಿಷಯದಲ್ಲಿ ಮತದಾರನ ಮನಸ್ಸೇನೆಂಬುದನ್ನು ಆಡಳಿತ ಪಕ್ಷದ ಸದಸ್ಯರೂ ಬಲ್ಲರು.

ಕಾವಲಿಲ್ಲದ ಉದ್ಯಾನ ಹೇಗಿರುತ್ತದೆಂಬುದನ್ನು ಅಮೆರಿಕ ಈ ಮೊದಲೇ ಕಂಡಿದೆ. 2018-19ರ ಚಳಿಗಾಲದಲ್ಲಿ ಸರ್ಕಾರ 35 ದಿನ ಸ್ಥಗಿತಗೊಂಡಾಗ ಬಾಗಿಲು ಮುಚ್ಚದೆ ಬಿಟ್ಟ ಜೋಶುವಾ ಟ್ರೀ ಉದ್ಯಾನದಲ್ಲಿ ಜನರು ಮರಗಳನ್ನೇ ಉರುಳಿಸಿ ವಾಹನ ಓಡಿಸಿದರು. ಕಸದ ರಾಶಿ ಬಿದ್ದಿತು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ನಡೆದ ಸ್ಥಗಿತದಲ್ಲಿಯೂ ಬಹುತೇಕ ಉದ್ಯಾನಗಳನ್ನು ಅತ್ಯಲ್ಪ ಸಿಬ್ಬಂದಿಯೊಡನೆ ತೆರೆದೇ ಇಡಲಾಯಿತು.

ಬೆಂಕಿ, ನೀರು, ಹಿಮ

ಹವಾಮಾನದ ಏರುಪೇರು ಇದಕ್ಕೆ ಕೂಡಿಕೊಂಡಿದೆ. 2022ರ ಜೂನ್‌ನಲ್ಲಿ ಯೆಲ್ಲೊಸ್ಟೋನ್‌ನ ಉತ್ತರ ಭಾಗದ ರಸ್ತೆಗಳನ್ನು ಪ್ರವಾಹ ಕೊಚ್ಚಿಕೊಂಡು ಹೋದಾಗ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ಹೊರಗೆ ಕಳುಹಿಸಬೇಕಾಯಿತು. 1850ರ ಸುಮಾರಿಗೆ ನೂರೈವತ್ತರಷ್ಟು ಹಿಮನದಿಗಳಿದ್ದವೆಂದು ಅಂದಾಜಿಸಲಾದ ಗ್ಲೇಸಿಯರ್ ಉದ್ಯಾನದಲ್ಲಿ 2015ರ ಅಳತೆಯಲ್ಲಿ ಹಿಮನದಿಯೆನ್ನಬಹುದಾದವು 26 ಮಾತ್ರ. 2025ರ ಜುಲೈನಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರ ಅಂಚಿನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಕಾಳ್ಗಿಚ್ಚು 1937ರಲ್ಲಿ ಪುನರ್ನಿರ್ಮಾಣಗೊಂಡಿದ್ದ ಐತಿಹಾಸಿಕ ವಸತಿಗೃಹವನ್ನು ಬೂದಿ ಮಾಡಿತು. ಬೆಂಕಿಯನ್ನು ಆರಂಭದಲ್ಲಿಯೇ ಪೂರ್ತಿ ನಂದಿಸದೆ ನಿಯಂತ್ರಣದಲ್ಲಿಟ್ಟು ಉರಿಯಲು ಬಿಟ್ಟ ನಿರ್ಧಾರದ ಬಗ್ಗೆ ಸ್ವತಂತ್ರ ತನಿಖೆಯಾಗಬೇಕೆಂದು ಅರಿಜೋನಾದ ರಾಜ್ಯಪಾಲೆ ಕೇಟಿ ಹಾಬ್ಸ್ ಆಗ್ರಹಿಸಿದರು.

ಎರಡು ದರದ ನ್ಯಾಯ

ಇಂಥ ಹೊತ್ತಿನಲ್ಲಿ ಬಂದದ್ದು ಹೊಸ ಶುಲ್ಕ ನೀತಿ. ಅದರಂತೆ ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೊಸ್ಟೋನ್, ಯೊಸೆಮಿಟಿ, ಝಯಾನ್ ಸೇರಿದಂತೆ ಹನ್ನೊಂದು ಪ್ರಮುಖ ಉದ್ಯಾನಗಳಲ್ಲಿ ವಾರ್ಷಿಕ ಪಾಸ್ ಇಲ್ಲದ ವಿದೇಶಿ ಪ್ರವಾಸಿಗರು ಸಾಮಾನ್ಯ ಶುಲ್ಕದ ಜೊತೆಗೆ ತಲಾ 100 ಡಾಲರ್ ಹೆಚ್ಚು ಕೊಡಬೇಕು. ವಾರ್ಷಿಕ ಪಾಸ್‌ನ ಬೆಲೆ ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250 ಡಾಲರ್. ತೆರಿಗೆ ಕಟ್ಟುವ ನಾಗರಿಕನಿಗೆ ಅಗ್ಗ, ಕಟ್ಟದವನಿಗೆ ದುಬಾರಿ ಎಂಬುದು ಇಂಟೀರಿಯರ್ ಇಲಾಖೆಯ ವಾದ.

ಈ ವಾದವನ್ನು ಭಾರತೀಯರಾದ ನಾವು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಹಂಪಿಯ ವಿಜಯವಿಠ್ಠಲ ದೇವಾಲಯದಲ್ಲಿ ನಮ್ಮವರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ದರವನ್ನು ಪುರಾತತ್ತ್ವ ಇಲಾಖೆ 2018ರಲ್ಲಿಯೇ ನಿಗದಿಪಡಿಸಿದೆ. ಹದಿನೈದು ಪಟ್ಟು ವಸೂಲು ಮಾಡುವವರು ಇತರರ ಎರಡು ದರವನ್ನು ಅನ್ಯಾಯವೆಂದರೆ ಯಾರೂ ಕೇಳರು. ಸ್ಥಳೀಯ ತೆರಿಗೆದಾರನಿಗೆ ರಿಯಾಯಿತಿ ನೀಡುವುದು ತತ್ತ್ವತಃ ತಪ್ಪಲ್ಲ.

ಪ್ರಶ್ನೆ ಇರುವುದು ಉದ್ದೇಶದಲ್ಲಿ ಮತ್ತು ಪರಿಣಾಮದಲ್ಲಿ. ಶುಲ್ಕದ ಹಣದಲ್ಲಿ ಶೇಕಡಾ 80ರಷ್ಟಾದರೂ ಅದನ್ನು ಸಂಗ್ರಹಿಸಿದ ಉದ್ಯಾನದಲ್ಲಿಯೇ ಉಳಿಯಬೇಕೆಂದು 2004ರ ಕಾನೂನು ಹೇಳುತ್ತದೆ. ಅದು ಒಳ್ಳೆಯ ವ್ಯವಸ್ಥೆಯೇ. ಆದರೆ ಇದುವರೆಗಿನ ಶುಲ್ಕದ ಆದಾಯ ಸರ್ಕಾರಿ ಅನುದಾನದ ಸುಮಾರು ಹತ್ತನೇ ಒಂದು ಪಾಲಿನಷ್ಟು ಮಾತ್ರ. ಒಂದು ಕೈಯಿಂದ ಅನುದಾನವನ್ನೂ ನೌಕರರನ್ನೂ ಕಡಿತಗೊಳಿಸಲು ಹೊರಟು, ಇನ್ನೊಂದು ಕೈಯಿಂದ ಅತಿಥಿಯ ಜೇಬಿಗೆ ಕೈ ಹಾಕಿದರೆ ಕೊರತೆ ತುಂಬದು. ಗೇಟಿನಲ್ಲಿ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಲೂ ಸಿಬ್ಬಂದಿಯೇ ಬೇಕು. ಜೊತೆಗೆ ಅತಿಥಿಯೇ ಬಾರದೆ ಹೋದರೆ? 2025ರಲ್ಲಿ ಕೆನಡಾದಿಂದ ಅಮೆರಿಕಕ್ಕೆ ಬರುವವರ ಸಂಖ್ಯೆ ತೀವ್ರವಾಗಿ ಕುಸಿಯಿತು. ಉದ್ಯಾನಗಳ ಹೆಬ್ಬಾಗಿಲಲ್ಲಿರುವ ವೆಸ್ಟ್ ಯೆಲ್ಲೊಸ್ಟೋನ್, ಸ್ಪ್ರಿಂಗ್‌ಡೇಲ್, ಮೋಬ್‌ನಂತಹ ಪುಟ್ಟ ಊರುಗಳು ಬದುಕುವುದು ಪ್ರವಾಸಿಗರಿಂದಲೇ. 2023ರಲ್ಲಿ ಇಂಥ ಊರುಗಳಲ್ಲಿ ಪ್ರವಾಸಿಗರು ಮಾಡಿದ ವೆಚ್ಚ 2,640 ಕೋಟಿ ಡಾಲರ್. ಅದರಿಂದ ಆಧಾರ ಪಡೆದ ಉದ್ಯೋಗಗಳು 4.15 ಲಕ್ಷ. ಉದ್ಯಾನಕ್ಕೆ ಸರ್ಕಾರ ಹಾಕುವ ಒಂದು ಡಾಲರ್ ಖರ್ಚಲ್ಲ, ಬಂಡವಾಳ ಎಂಬುದನ್ನು ಈ ಅಂಕಿಅಂಶಗಳೇ ಹೇಳುತ್ತವೆ.

ಕನ್ನಡಿಗರಿಗೂ ಇದು ದೂರದ ಸುದ್ದಿಯಲ್ಲ. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದ ನಮ್ಮವರಿಗೆ ಯೊಸೆಮಿಟಿ ವಾರಾಂತ್ಯದ ದಾರಿ. ಬೇಸಿಗೆಯಲ್ಲಿ ಮಗನ ಮನೆಗೆಂದು ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋಗುವ ತಂದೆತಾಯಿಯರಿಗೆ ಆ ದೇಶದ ಅತ್ಯಂತ ಸುಂದರ ನೆನಪು ಇಂಥ ತಾಣಗಳದ್ದೇ. ಅಮೆರಿಕದ ಗುರುತಿನ ಚೀಟಿಯಿರುವ ಮಗ ನಿವಾಸಿ, ಊರಿನ ಪಾಸ್‌ಪೋರ್ಟ್ ಹಿಡಿದ ತಾಯಿ ಪರದೇಶಿ. ಹೊರಡುವ ಮುನ್ನ ಯಾವ ಉದ್ಯಾನ ಹನ್ನೊಂದರ ಪಟ್ಟಿಯಲ್ಲಿದೆ, ಯಾವ ಪಾಸ್ ಲಾಭಕರ ಎಂಬುದನ್ನು ವಿಚಾರಿಸಿಕೊಳ್ಳುವುದು ಈಗ ಅನಿವಾರ್ಯ. ಪಟ್ಟಿಯ ಹೊರಗೆ ಐವತ್ತಕ್ಕೂ ಹೆಚ್ಚು ಉದ್ಯಾನಗಳಿವೆ. ಗ್ರೇಟ್ ಸ್ಮೋಕಿ ಅವುಗಳಲ್ಲೊಂದು.

ಮೊದಲ ಒಡೆಯರು

‘ಎಲ್ಲರ ಸ್ವತ್ತು’ ಎಂಬ ಮಾತಿನೊಳಗೂ ಒಂದು ಕಹಿ ಸತ್ಯವಿದೆ. ಯೊಸೆಮಿಟಿ ಕಣಿವೆಯಿಂದ ಅಲ್ಲಿನ ಮೂಲನಿವಾಸಿಗಳನ್ನು ಹೊರದಬ್ಬಲು 1851ರಲ್ಲಿ ಸಶಸ್ತ್ರ ಪಡೆಯೇ ಹೋಗಿತ್ತು. ಯೆಲ್ಲೊಸ್ಟೋನ್ ಉದ್ಯಾನವಾದದ್ದು ಶೊಶೋನಿ, ಕ್ರೋ ಮೊದಲಾದ ಬುಡಕಟ್ಟುಗಳು ತಲೆಮಾರುಗಳಿಂದ ಓಡಾಡುತ್ತಿದ್ದ ನೆಲದಲ್ಲಿ. ಕಾಡನ್ನು ಉಳಿಸಲು ಕಾಡಿನವರನ್ನು ಹೊರಗಿಡಬೇಕೆಂಬ ಆ ಮಾದರಿ ಜಗತ್ತಿನಾದ್ಯಂತ ಹರಡಿತು. ನಮ್ಮ ನಾಗರಹೊಳೆಯ ಜೇನುಕುರುಬರೂ ಅದೇ ಚಿಂತನೆಯ ನೋವುಂಡವರು. ಈ ಇತಿಹಾಸವನ್ನು ಪ್ರವಾಸಿಗನಿಗೆ ತಿಳಿಸುವ ಫಲಕಗಳು ಅಮೆರಿಕದ ಉದ್ಯಾನಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಬಂದಿದ್ದವು. ದೇಶದ ಹಿರಿಯರನ್ನು ಹೀನಾಯವಾಗಿ ಬಿಂಬಿಸುವ ಫಲಕಗಳಿವೆಯೇ ಎಂದು ಪರಿಶೀಲಿಸಲು 2025ರಲ್ಲಿ ಆದೇಶವಾದ ಮೇಲೆ ಅವುಗಳ ಭವಿಷ್ಯವೂ ತೂಗುಯ್ಯಾಲೆಯಲ್ಲಿದೆ. ಅತಿಥಿಗೆ ಹೆಚ್ಚು ದರ ಹಾಕಿ, ಕಥೆಯನ್ನು ಮಾತ್ರ ಅರ್ಧ ಹೇಳಿದರೆ ಅದು ಯಾವ ಲೆಕ್ಕದಲ್ಲಿಯೂ ನ್ಯಾಯವಾಗದು.

ವಿನೋದ ಉದ್ಯಾನವನ್ನು ಕಟ್ಟಿದ ಕಂಪನಿ ಅದನ್ನು ಕೆಡವಿ ಮತ್ತೆ ಕಟ್ಟಬಲ್ಲದು. ನದಿಯೊಂದು ಲಕ್ಷಾಂತರ ವರ್ಷಗಳಲ್ಲಿ ಕೊರೆದ ಕಣಿವೆಯನ್ನು, ಕರಗಿಹೋದ ಹಿಮನದಿಯನ್ನು ಯಾವ ಬಜೆಟ್ಟೂ ಮರಳಿ ತಾರದು. ಶುಲ್ಕ ಏರಲಿ, ಇಳಿಯಲಿ. ಅದು ಆಡಳಿತದ ವಿವರ. ಆದರೆ ಕಾವಲುಗಾರನನ್ನು ಮನೆಗೆ ಕಳುಹಿಸಿ ಬಾಗಿಲಲ್ಲಿ ಟಿಕೆಟ್ ದರ ಏರಿಸುವುದು ಸಂರಕ್ಷಣೆಯಲ್ಲ. ಸಂರಕ್ಷಿತ ನಿಸರ್ಗವೆಂಬ ಕಲ್ಪನೆಯನ್ನು ಜಗತ್ತಿಗೆ ಕೊಟ್ಟ ದೇಶ ಅದನ್ನು ಮರೆತರೆ, ಆ ದಾರಿಯಲ್ಲಿ ನಡೆದ ಇತರ ದೇಶಗಳಿಗೆ ಅದೊಂದು ಸುಲಭದ ನೆಪವಾದೀತು. ಭಯವಿರುವುದು ಅಲ್ಲಿಯೇ.