ಕಾಲುವೃತ್ತವನ್ನು ಓದುವುದು

ಮುಂಬಯಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಒಪ್ಪಿಸಲ್ಪಡುತ್ತಿರುವ ಈ ಕಾಲದಲ್ಲಿ, ಇಲ್ಲಿನ ಕನ್ನಡಿಗರಲ್ಲಿ ಅನೇಕರ ಕೈಗೆ ಹೊಸ ಮನೆಗಿಂತ ಮೊದಲು ಅದರ ನಕ್ಷೆ ಬಂದು ಸೇರುತ್ತದೆ. ನಾವು ಅದನ್ನು ಊಟದ ಮೇಜಿನ ಮೇಲೆ ಹರಡಿ, ಕೋಣೆಗಳ ಉದ್ದಗಲಗಳನ್ನು ಗುಣಿಸಿ, ಕಾರ್ಪೆಟ್ ಏರಿಯಾ ಎಷ್ಟಾಯಿತೆಂದು ಲೆಕ್ಕ ಹಾಕುತ್ತೇವೆ. ಬಾಗಿಲು ಕಿಟಕಿಗಳನ್ನು ಮಾತ್ರ ಓದುವುದಿಲ್ಲ. ಅವು ಇವೆಯಲ್ಲ, ಅಷ್ಟೇ ಸಾಕೆಂದು ಸುಮ್ಮನಾಗುತ್ತೇವೆ. ಈ ಸಮಾಧಾನ ಸಲ್ಲದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವೂ ಇದೆ.

ನಮ್ಮ ಬಳಗದ ಹಿರಿಯರೊಬ್ಬರು ಹೊಸ ಮನೆಗೆ ಹೋದ ಎರಡನೆಯ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದು. ಬಿದ್ದ ಮೈಯೇ ಅದಕ್ಕೆ ಅಡ್ಡವಾಯಿತು. ಕೀಲುಗಳೂ ಒಳಬದಿಗೇ ಇದ್ದುದರಿಂದ ಹೊರಗಿನಿಂದ ಕದ ಕಳಚುವಂತಿರಲಿಲ್ಲ. ಬಡಗಿ ಬಂದು ಕದವನ್ನು ಒಡೆಯುವವರೆಗೆ ಅವರು ಒದ್ದೆ ನೆಲದ ಮೇಲೆಯೇ ಇದ್ದರು. ಪುಣ್ಯಕ್ಕೆ ಗುಣಮುಖರಾದರು. ಆಮೇಲೊಂದು ದಿನ ಹಳೆಯ ನಕ್ಷೆಯನ್ನು ತೆರೆದು ನೋಡಿದರೆ, ಬಚ್ಚಲಿನ ಒಳಗೇ ಬಾಗಿದ ಕಾಲುವೃತ್ತವೊಂದು ಸ್ಪಷ್ಟವಾಗಿ ಅಲ್ಲಿತ್ತು. ನಾವೆಲ್ಲರೂ ಅದನ್ನು ನೋಡಿದ್ದೆವು, ಯಾರೂ ಓದಿರಲಿಲ್ಲ.

ನಕ್ಷೆಯೆಂದರೆ ಮೇಲಿನಿಂದ ಕಂಡ ಮನೆಯಲ್ಲ. ನೆಲದಿಂದ ಸಾಮಾನ್ಯವಾಗಿ 1200 ಮಿಲಿಮೀಟರ್, ಅಂದರೆ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕೊಯ್ದು, ಮೇಲಿನ ಭಾಗವನ್ನು ಎತ್ತಿಟ್ಟು, ಕೆಳಗೆ ಇಣುಕಿದರೆ ಕಾಣುವ ನೋಟವದು. ಕೊಯ್ದ ಮಟ್ಟದಲ್ಲಿ ಸಿಕ್ಕ ಕಿಟಕಿ ಗೋಡೆಯ ನಡುವೆ ಸಮಾನಾಂತರವಾದ ತೆಳುಗೆರೆಗಳಾಗುತ್ತದೆ. ಬಾಗಿಲು, ತೆರೆದು ನಿಂತ ಕದವಾಗಿಯೂ ಆ ಕದದ ತುದಿ ಸಾಗುವ ಹಾದಿಯನ್ನು ತೋರುವ ಕಾಲುವೃತ್ತವಾಗಿಯೂ ಕಾಣುತ್ತದೆ. ಬಚ್ಚಲಿನ ಬೆಳಕಿಂಡಿ ಆ ಮಟ್ಟಕ್ಕಿಂತ ಮೇಲಿರುವುದರಿಂದ, ಯಾರಾದರೂ ಕಾಳಜಿಯಿಂದ ಅದನ್ನು ಚುಕ್ಕೆಗೆರೆಯಲ್ಲಿ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೈಯಿಂದ ಬರೆಯುತ್ತಿದ್ದಾಗ ಕರಡುಗಾರನು ಗೋಡೆಯ ಗೆರೆಯನ್ನು ಅಳಿಸಿ, ಕೈವಾರವಿಟ್ಟು ಆ ಕಾಲುವೃತ್ತವನ್ನು ಎಳೆಯಬೇಕಿತ್ತು. 1982ರಲ್ಲಿ ಬಂದ ಆಟೋಕ್ಯಾಡ್ ಕಾಗದವನ್ನು ತೆರೆಯಾಗಿಸಿತಾದರೂ ಗೆರೆ ಗೆರೆಯಾಗಿಯೇ ಉಳಿಯಿತು. ಆರ್ಕಿಕ್ಯಾಡ್, ರೆವಿಟ್‌ಗಳಲ್ಲಿ ಹಾಗಲ್ಲ. ಅಲ್ಲಿ ಬಾಗಿಲೆಂಬುದು ಒಂದು ವಸ್ತು. ಗೋಡೆಯ ಮೇಲಿಟ್ಟರೆ ಗೋಡೆ ತಾನಾಗಿ ತೆರೆದುಕೊಳ್ಳುತ್ತದೆ, ಕಾಲುವೃತ್ತ ತಾನಾಗಿ ಮೂಡುತ್ತದೆ, ಗೋಡೆಯನ್ನು ಅಳಿಸಿದರೆ ಬಾಗಿಲೂ ಅದರೊಡನೆ ಹೋಗುತ್ತದೆ. ರೆವಿಟ್‌ನಲ್ಲಿ ಬಾಗಿಲಿಡುವಾಗ ಸ್ಪೇಸ್‌ಬಾರ್ ಒತ್ತಿದರೆ ಕೀಲು ಎಡದಿಂದ ಬಲಕ್ಕೆ ಸರಿಯುತ್ತದೆ. ಇಷ್ಟು ಸುಲಭವಾದಲ್ಲಿ, ಯಾವ ಕಡೆಗೆ ತೆರೆಯಬೇಕೆಂದು ಕ್ಷಣಕಾಲ ನಿಂತು ಯೋಚಿಸುವ ಸಂದರ್ಭವೇ ತಪ್ಪಿಹೋಗಬಹುದು.

ತಪ್ಪು ತಂತ್ರಾಂಶದ್ದೆಂದು ನಾವು ಹೇಳುತ್ತಿಲ್ಲ. ಅದು ಸುಳ್ಳು ಹೇಳಿರಲಿಲ್ಲ. ಒಳಕ್ಕೆ ತೆರೆಯುವ ಬಾಗಿಲನ್ನು ಒಳಕ್ಕೇ ತೋರಿಸಿತ್ತು. ಬಚ್ಚಲಿನ ಬಾಗಿಲನ್ನು ಒಳಕ್ಕೆ ತೆರೆಸುವುದಕ್ಕೆ ಕಾರಣಗಳೂ ಉಂಟು: ಹೊರಗಿನ ಓಣಿ ಇಕ್ಕಟ್ಟು, ಕದದ ಮೇಲಿನ ನೀರು ಹೊರಗೆ ತೊಟ್ಟಿಕ್ಕಬಾರದು. ಆದರೆ ಅಂಗವಿಕಲರ ಬಳಕೆಗೆಂದು ರೂಪಿಸುವ ಶೌಚಾಲಯಗಳಲ್ಲಿ ಬಾಗಿಲು ಹೊರಕ್ಕೆ ತೆರೆಯಬೇಕು ಇಲ್ಲವೆ ಪಕ್ಕಕ್ಕೆ ಸರಿಯಬೇಕು ಎಂದು ನಮ್ಮ ದೇಶದ ಮಾರ್ಗಸೂಚಿಗಳೇ ಹೇಳುತ್ತವೆ. ಎಪ್ಪತ್ತು ದಾಟಿದವರಿರುವ ಮನೆಗೆ ಆ ವಿವೇಕ ಏಕೆ ಬೇಡ? ಕಾಗದದ ಮೇಲೆ ಅದನ್ನು ತಿದ್ದಲು ಖರ್ಚಿಲ್ಲ. ಕಟ್ಟಿದ ಮೇಲೆ ಬಾಗಿಲವಾಡವನ್ನೇ ಕೀಳಬೇಕಾಗುತ್ತದೆ.

ಕಿಟಕಿಗಳ ಮಾತು ಇನ್ನೂ ಸೂಕ್ಷ್ಮ. ಬಾಗಿಲು ತನ್ನ ಚಲನೆಯನ್ನಾದರೂ ತೋರಿಸುತ್ತದೆ. ಸರಳವಾಗಿ ಬರೆದ ನಕ್ಷೆಯಲ್ಲಿ ಕಿಟಕಿ ಅದನ್ನೂ ತೋರಿಸುವುದಿಲ್ಲ. ಪೂರ್ತಿ ತೆರೆಯುವ ಕಿಟಕಿ, ಸರಿಸುವ ಕಿಟಕಿ, ಎಂದಿಗೂ ತೆರೆಯದ ಗಾಜು, ಮೂರೂ ಅಲ್ಲಿ ಒಂದೇ ಬಗೆಯ ಗೆರೆಗಳಾಗಿ ಕಾಣಬಹುದು. ಎರಡು ಹಳಿಗಳ ಮೇಲೆ ಸರಿಯುವ ಕಿಟಕಿ ಎಷ್ಟೇ ಅಗಲವಿರಲಿ, ಗಾಳಿಗೆ ದಕ್ಕುವುದು ಹೆಚ್ಚೆಂದರೆ ಅದರ ಅರ್ಧ. ಅಡುಗೆಮನೆಯ ಹೊಗೆಗೆ, ಮೇ ತಿಂಗಳ ಸೆಕೆಗೆ ಈ ಅರ್ಧದ ಲೆಕ್ಕ ಚೆನ್ನಾಗಿ ಗೊತ್ತು. ಆದ್ದರಿಂದ ನಕ್ಷೆಯ ಜೊತೆಗೆ ಬಾಗಿಲು ಕಿಟಕಿಗಳ ಪಟ್ಟಿಯನ್ನೂ ಕೇಳಿ ಪಡೆಯಬೇಕು. ಪ್ರತಿಯೊಂದರ ಅಗಲ, ಎತ್ತರ, ನೆಲದಿಂದ ಎಷ್ಟು ಮೇಲೆ, ಹೇಗೆ ತೆರೆಯುತ್ತದೆ ಎಂಬ ವಿವರ ಇರಬೇಕಾದದ್ದು ಅಲ್ಲಿ.

ಊರಿನ ಮನೆಯಲ್ಲಿ ನಮಗೆ ಇಂಥ ಪಟ್ಟಿ ಬೇಕಿರಲಿಲ್ಲ. ತಲೆಬಾಗಿಲು, ನಡುಬಾಗಿಲು, ಹಿತ್ತಿಲ ಬಾಗಿಲು, ಬೆಳಕಿಂಡಿ ಎಂಬ ಹೆಸರುಗಳೇ ಯಾವುದು ಎಲ್ಲಿದೆ, ಏತಕ್ಕಿದೆ ಎಂದು ಹೇಳುತ್ತಿದ್ದವು. ನಕ್ಷೆಯಲ್ಲಿ ಅವು ಡಿ1, ಡಿ2, ಡಬ್ಲ್ಯೂ1, ವಿ1 ಆಗಿವೆ. ಕಟ್ಟುವವರಿಗೆ ಈ ಗುರುತುಗಳು ಅಗತ್ಯವೇ. ಬಾಳುವವರು ಮಾತ್ರ ಅವನ್ನು ಮತ್ತೆ ಹೆಸರುಗಳಾಗಿ ಬಿಡಿಸಿಕೊಳ್ಳಬೇಕು: ಇದು ಅಮ್ಮ ರಾತ್ರಿ ಎದ್ದು ತೆರೆಯುವ ಬಾಗಿಲು, ಇದು ಒಗ್ಗರಣೆಯ ಘಾಟು ಹೊರಗೆ ಹೋಗಬೇಕಾದ ಕಿಟಕಿ.

ಸಹಿ ಹಾಕುವ ಮುನ್ನ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡೋಣ. ಒಂದೊಂದು ಕಾಲುವೃತ್ತದ ಮೇಲೂ ಬೆರಳಿಟ್ಟು, ಆ ಕದವನ್ನು ಮನಸ್ಸಿನಲ್ಲೇ ನೂಕಿ ನೋಡೋಣ. ಅದು ಯಾರಿಗೆ ತಾಗುತ್ತದೆ, ಅದರ ಹಿಂದೆ ಯಾರು ಸಿಕ್ಕಿಬೀಳಬಹುದು ಎಂಬುದು ಆಗ ಕಾಣುತ್ತದೆ.