ಹುಡುಕಿ ಸಿಕ್ಕಿದ್ದೆಲ್ಲ ಜ್ಞಾನವಲ್ಲ

2021ರ ಜೂನ್ ತಿಂಗಳ ಮೊದಲ ವಾರದಲ್ಲಿ ಕನ್ನಡ ನಾಡು ಕೆರಳಿ ನಿಂತಿತ್ತು. ಭಾರತದ ಅತ್ಯಂತ ಕೊಳಕು ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಗೂಗಲನ್ನು ಕೇಳಿದರೆ, ಅದು ಕನ್ನಡ ಎಂಬ ಉತ್ತರವನ್ನು ದಪ್ಪ ಅಕ್ಷರಗಳಲ್ಲಿ ತೋರಿಸುತ್ತಿತ್ತು. ರಾಜಕಾರಣಿಗಳು ಪಕ್ಷಭೇದ ಮರೆತು ಖಂಡಿಸಿದರು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕಂಪೆನಿಗೆ ನೋಟಿಸ್ ಕಳುಹಿಸುವ ಮಾತನ್ನಾಡಿದರು. ಗೂಗಲ್ ಕ್ಷಮೆ ಕೇಳಿತು, ಉತ್ತರವನ್ನು ತೆಗೆದುಹಾಕಿತು. ಅಲ್ಲಿಗೆ ಎಲ್ಲರೂ ತೃಪ್ತರಾಗಿ ಮನೆಗೆ ಮರಳಿದರು.

ಆದರೆ ಅಷ್ಟಕ್ಕೇ ತೃಪ್ತರಾಗಬೇಕಿತ್ತೇ? ಅವಮಾನವಾಯಿತೆಂದು ಕೂಗಿದವರು ಸಾವಿರಾರು ಮಂದಿ. ಆ ಉತ್ತರ ಎಲ್ಲಿಂದ ಬಂತು, ಯಾರು ಬರೆದರು, ಜಗತ್ತಿನ ಮುಂದೆ ಸತ್ಯದ ಪೀಠದಲ್ಲಿ ಅದನ್ನು ಕುಳ್ಳಿರಿಸಿದವರು ಯಾರು ಎಂದು ಕೇಳಿದವರು ಎಷ್ಟು ಮಂದಿ? ನಮ್ಮ ಆಕ್ಷೇಪ ಇಲ್ಲಿಂದಲೇ ಆರಂಭವಾಗುತ್ತದೆ. ಅಂದು ಕ್ಷಮೆ ಕೇಳಿಸಿಕೊಂಡ ನಾವು, ಮರುದಿನ ಅದೇ ಯಂತ್ರದ ಬಳಿ ಮಗುವಿನ ಜ್ವರಕ್ಕೆ ಮದ್ದು ಕೇಳಿದೆವು, ಜಮೀನಿನ ತಕರಾರಿಗೆ ಕಾನೂನು ಕೇಳಿದೆವು, ಅದು ಹೇಳಿದ್ದನ್ನು ನಂಬಿಯೂ ಬಿಟ್ಟೆವು. ಕನ್ನಡದ ಬಗ್ಗೆ ತಪ್ಪು ಹೇಳಿದ ಯಂತ್ರ ಜ್ವರದ ಬಗ್ಗೆ ಸರಿ ಹೇಳುತ್ತದೆಂದು ನಮಗೆ ಭರವಸೆ ಕೊಟ್ಟವರಾರು?

ಅಂದಿನ ಉತ್ತರದ ಮೂಲವನ್ನು ನೋಡಿ. ಅದನ್ನು ಬರೆದದ್ದು ಭಾಷಾಶಾಸ್ತ್ರಜ್ಞರಲ್ಲ, ವಿಶ್ವವಿದ್ಯಾಲಯವಲ್ಲ. ಯಾರೂ ಕೇಳಿರದ ಒಂದು ವೆಬ್‌ಸೈಟಿನ ಯಾವುದೋ ಪುಟದಲ್ಲಿ, ಕೇಳಿದ ಪ್ರಶ್ನೆಯ ಪದಗಳೇ ಅಕ್ಷರಶಃ ಇದ್ದವು. ಯಂತ್ರ ಆ ಪದಗಳನ್ನು ಪ್ರಶ್ನೆಯ ಪದಗಳಿಗೆ ಹೊಂದಿಸಿ ನೋಡಿತು, ಹೊಂದಿಕೊಂಡಿತು, ಎತ್ತಿ ಮೇಲಿಟ್ಟಿತು. ಕನ್ನಡ ಎಂದರೇನು, ಹಲ್ಮಿಡಿ ಶಾಸನವೇನು, 2008ರಲ್ಲಿ ಈ ಭಾಷೆಗೆ ದೊರೆತ ಶಾಸ್ತ್ರೀಯ ಸ್ಥಾನಮಾನವೇನು ಎಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಓರ್ವ ವಿದ್ವಾಂಸನ ಬಳಿ ಈ ಪ್ರಶ್ನೆಯನ್ನು ಒಯ್ದಿದ್ದರೆ ಆತ ಮೊದಲು ಪ್ರಶ್ನೆಯನ್ನೇ ತಿರಸ್ಕರಿಸುತ್ತಿದ್ದ. ಭಾಷೆಗಳಲ್ಲಿ ಕೊಳಕು ಎಂಬುದಿಲ್ಲ, ನೀನು ಕೇಳಿದ್ದೇ ತಪ್ಪು ಎನ್ನುತ್ತಿದ್ದ. ಪ್ರಶ್ನೆಯನ್ನು ತಿದ್ದುವವನು ಗುರು. ಯಾವ ಪ್ರಶ್ನೆಗಾದರೂ ಏನನ್ನಾದರೂ ತಂದು ಕೊಡುವುದು ಆಳು. ಆಳನ್ನು ಗುರುವಿನ ಸ್ಥಾನದಲ್ಲಿ ಕುಳ್ಳಿರಿಸಿದ್ದು ನಮ್ಮ ಕಾಲದ ದೊಡ್ಡ ಎಡವಟ್ಟು.

ಹಾಗಾದರೆ ಈ ಯಂತ್ರ ಮಾಡುವುದಾದರೂ ಏನು? ಅದರ ಕೆಲಸ ಮುಖ್ಯವಾಗಿ ಮೂರು. ಅಂತರ್ಜಾಲದ ಪುಟಗಳನ್ನು ಸುತ್ತಾಡಿ ಸಂಗ್ರಹಿಸುವುದು, ಯಾವ ಪದ ಯಾವ ಪುಟದಲ್ಲಿದೆ ಎಂದು ಸೂಚಿ ತಯಾರಿಸುವುದು, ಕೇಳಿದಾಗ ಆ ಪುಟಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಕೊಡುವುದು. ಎಲ್ಲ ಮಹಿಮೆಯೂ, ಎಲ್ಲ ಅಪಾಯವೂ ಅಡಗಿರುವುದು ಈ ಮೂರನೆಯದರಲ್ಲಿ. ಲಕ್ಷಾಂತರ ಪುಟಗಳಲ್ಲಿ ಮೊದಲನೆಯದು ಯಾವುದು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇದಕ್ಕೆ ಕಂಡುಕೊಂಡ ಉಪಾಯ ವಿಜ್ಞಾನ ಲೋಕದಿಂದಲೇ ಎರವಲು ಪಡೆದದ್ದು. ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಇತರರ ಪ್ರಬಂಧಗಳನ್ನು ಉಲ್ಲೇಖಿಸುತ್ತಾರೆ. ಹೆಚ್ಚು ಉಲ್ಲೇಖಗೊಂಡದ್ದು ಮಹತ್ವದ್ದೆಂದು ಎಣಿಸುವ ರೂಢಿ ಇದೆ. ಯೂಜೀನ್ ಗಾರ್ಫೀಲ್ಡ್ 1964ರಲ್ಲಿಯೇ ಇಂತಹ ಉಲ್ಲೇಖಗಳ ದೊಡ್ಡ ಸೂಚಿಯನ್ನು ಹೊರತಂದಿದ್ದರು. ಪೇಜ್ ಮತ್ತು ಬ್ರಿನ್ ಇದನ್ನೇ ಅಂತರ್ಜಾಲಕ್ಕೆ ಅನ್ವಯಿಸಿದರು. ಒಂದು ಪುಟದಿಂದ ಇನ್ನೊಂದಕ್ಕೆ ಇರುವ ಕೊಂಡಿ ಒಂದು ಮತವಿದ್ದಂತೆ. ಹೆಚ್ಚು ಮತ ಬಿದ್ದ ಪುಟಕ್ಕೆ ಹೆಚ್ಚು ತೂಕ, ತೂಕವಿರುವ ಪುಟ ಹಾಕಿದ ಮತಕ್ಕೆ ಇನ್ನಷ್ಟು ತೂಕ. ಇಂದು ಇದರ ಜೊತೆಗೆ ನೂರಾರು ಲೆಕ್ಕಾಚಾರಗಳು ಸೇರಿಕೊಂಡಿವೆ. ಆದರೂ ಬುನಾದಿ ಬದಲಾಗಿಲ್ಲ. ಯಂತ್ರ ಅಳೆಯುವುದು ಮನ್ನಣೆಯನ್ನು, ಸತ್ಯವನ್ನಲ್ಲ.

ಉಪಾಯ ಅದ್ಭುತವೇ. ಆದರೆ ವಿಜ್ಞಾನದಿಂದ ಎರವಲು ತಂದದ್ದು ಅರ್ಧ ಮಾತ್ರ. ಉಲ್ಲೇಖದ ಎಣಿಕೆಯನ್ನು ತಂದರು, ಪರೀಕ್ಷೆಯನ್ನು ಅಲ್ಲಿಯೇ ಬಿಟ್ಟರು. ವಿಜ್ಞಾನ ನಿಂತಿರುವುದು ಎಷ್ಟು ಮಂದಿ ಒಪ್ಪಿದರು ಎಂಬುದರ ಮೇಲಲ್ಲ. ಹೇಳಿದ್ದನ್ನು ಇನ್ನೊಬ್ಬರು ಮತ್ತೊಮ್ಮೆ ಮಾಡಿ ನೋಡಬಹುದೇ, ತಪ್ಪೆಂದು ಕಂಡಾಗ ಹಿಂದೆಗೆದುಕೊಳ್ಳಲು ದಾರಿಯಿದೆಯೇ ಎಂಬುದರ ಮೇಲೆ.

ಒಂದು ಉದಾಹರಣೆ ಕೊಡುತ್ತೇವೆ. ಗೂಗಲ್ ಕಂಪೆನಿ ಸ್ಥಾಪನೆಯಾದ 1998ರಲ್ಲಿಯೇ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯರ ಪ್ರಬಂಧ ಪ್ರಕಟವಾಯಿತು. ಕೇವಲ 12 ಮಕ್ಕಳನ್ನು ಆಧರಿಸಿದ ಆ ಪ್ರಬಂಧ, ದಡಾರದ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯವನ್ನು ಹುಟ್ಟಿಸಿತು. ವಿಜ್ಞಾನ ಸುಮ್ಮನಿರಲಿಲ್ಲ. 2002ರಲ್ಲಿ ಡೆನ್ಮಾರ್ಕಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಲಾಯಿತು. ನಂಟು ಕಾಣಲಿಲ್ಲ. 2010ರಲ್ಲಿ ಲ್ಯಾನ್ಸೆಟ್ ಆ ಪ್ರಬಂಧವನ್ನು ರದ್ದುಪಡಿಸಿತು, ಅದೇ ವರ್ಷ ವೇಕ್‌ಫೀಲ್ಡ್‌ರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ವಿಜ್ಞಾನದ ಮಟ್ಟಿಗೆ ವಿಷಯ ಮುಗಿಯಿತು. ಆದರೆ ಅಂತರ್ಜಾಲದಲ್ಲಿ ಮುಗಿಯಿತೇ? ಲಸಿಕೆಯಿಂದ ಅಪಾಯ ಎಂದು ಹುಡುಕುವವನ ಮುಂದೆ ಅದೇ ಸತ್ತ ವಾದ ಬೇರೆ ಬೇರೆ ವೇಷ ತೊಟ್ಟು ಇಂದಿಗೂ ಬರುತ್ತದೆ. ಅಲ್ಲಿ ಸುಳ್ಳಿಗೆ ದಫನ ಎಂಬುದಿಲ್ಲ.

ಇದು ದೂರದ ಇಂಗ್ಲೆಂಡಿನ ಕಥೆಯೆಂದು ಭಾವಿಸಬೇಡಿ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಆರಂಭವಾದಾಗ ಮೊಬೈಲಿನಿಂದ ಮೊಬೈಲಿಗೆ ವದಂತಿಗಳು ಹರಿದಾಡಿದವು. ಭಯಗೊಂಡ ತಾಯಿ ಅಂತಹ ವೇಳೆ ಏನನ್ನು ಹುಡುಕುತ್ತಾಳೆ? ಲಸಿಕೆ ಸುರಕ್ಷಿತವೇ ಎಂದಲ್ಲ, ಲಸಿಕೆಯ ಅಪಾಯಗಳು ಎಂದು. ಅಪಾಯ ಎಂದು ಹುಡುಕಿದರೆ ಅಪಾಯವೇ ಸಿಗುತ್ತದೆ. ನಮ್ಮ ಭಯವನ್ನು ನಾವೇ ಟೈಪ್ ಮಾಡುತ್ತೇವೆ, ಯಂತ್ರ ಅದನ್ನೇ ಪುಟಗಟ್ಟಲೆ ಮರಳಿಸುತ್ತದೆ, ನೋಡಿದಿರಾ ಗೂಗಲ್ ಕೂಡಾ ಹೀಗೆಯೇ ಹೇಳುತ್ತದೆ ಎಂದು ನೆರೆಮನೆಯವರಿಗೆ ತೋರಿಸುತ್ತೇವೆ. ಇದರ ಬೆಲೆ ತೆರುವವರು ಯಾರು? ಪ್ರಶ್ನೆ ಕೇಳಲೂ ಬಾರದ ಕೂಸು.

ಇನ್ನು ಹಣದ ವಿಚಾರ. ಪೇಜ್ ಮತ್ತು ಬ್ರಿನ್ 1998ರ ತಮ್ಮ ಪ್ರಬಂಧದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಬರೆದಿದ್ದರು. ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರ ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ, ಬಳಸುವವರ ಅಗತ್ಯದಿಂದ ದೂರ ಸರಿಯುತ್ತದೆ ಎಂಬುದು ಅದರ ತಾತ್ಪರ್ಯ. ಎರಡೇ ವರ್ಷಗಳಲ್ಲಿ, 2000ದಲ್ಲಿ, ಅವರ ಕಂಪೆನಿಯೇ ಜಾಹೀರಾತಿನ ಅಂಗಡಿ ತೆರೆಯಿತು. ಮುಂದೇನಾಯಿತು? ತನ್ನದೇ ಖರೀದಿ ಸೇವೆಯನ್ನು ಮೇಲಿಟ್ಟು ಇತರರನ್ನು ಕೆಳಗೆ ತಳ್ಳಿದ್ದಕ್ಕಾಗಿ ಯುರೋಪಿಯನ್ ಒಕ್ಕೂಟ 2017ರಲ್ಲಿ 242 ಕೋಟಿ ಯೂರೋ ದಂಡ ವಿಧಿಸಿತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಅದನ್ನು ಎತ್ತಿ ಹಿಡಿಯಿತು. ನಮ್ಮ ದೇಶದ ಸ್ಪರ್ಧಾ ಆಯೋಗ ಕೂಡಾ ಶೋಧದಲ್ಲಿನ ಪಕ್ಷಪಾತಕ್ಕಾಗಿ 2018ರಲ್ಲಿ 135.86 ಕೋಟಿ ರೂಪಾಯಿ ದಂಡ ವಿಧಿಸಿತು. 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಶೋಧದ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಫೋನ್ ಮತ್ತು ಬ್ರೌಸರ್‌ಗಳಲ್ಲಿ ತಾನೇ ಮೊದಲ ಆಯ್ಕೆಯಾಗಿರಬೇಕೆಂದು 2021 ಒಂದೇ ವರ್ಷದಲ್ಲಿ ಕಂಪೆನಿ 2,630 ಕೋಟಿ ಡಾಲರ್ ತೆತ್ತಿತ್ತು ಎಂಬುದು ಆ ವಿಚಾರಣೆಯಲ್ಲಿ ಹೊರಬಿತ್ತು.

ಅಂದರೆ ನಮ್ಮ ಕೈಯ ಫೋನಿನಲ್ಲಿ ಈ ಯಂತ್ರ ಕುಳಿತಿರುವುದು ಕೂಡಾ ನಮ್ಮ ಆಯ್ಕೆಯಿಂದಷ್ಟೇ ಅಲ್ಲ. ಉಚಿತವಾಗಿ ಉತ್ತರ ಕೊಡುವ ದಾನಿ ಎಂದು ನಾವು ಭಾವಿಸಿದವನು ನಮ್ಮ ಪ್ರಶ್ನೆಗಳನ್ನೇ ಸರಕಾಗಿಸಿ ವ್ಯಾಪಾರ ಮಾಡುತ್ತಿದ್ದಾನೆ. ವ್ಯಾಪಾರ ತಪ್ಪಲ್ಲ. ಅಂಗಡಿಯನ್ನು ಗ್ರಂಥಾಲಯವೆಂದು ತಿಳಿಯುವುದು ತಪ್ಪು.

ಜನ ಹುಡುಕುವುದೆಲ್ಲ ಸತ್ಯದ ಅಳತೆಗೋಲೆಂದು ಸ್ವತಃ ಆ ಕಂಪೆನಿಯೂ ಒಮ್ಮೆ ನಂಬಿತ್ತು. ಜ್ವರ, ಕೆಮ್ಮು ಮುಂತಾದ ಪದಗಳನ್ನು ಎಷ್ಟು ಮಂದಿ ಹುಡುಕುತ್ತಿದ್ದಾರೆ ಎಂಬುದರಿಂದಲೇ ಫ್ಲೂ ಎಲ್ಲೆಲ್ಲಿ ಹರಡಿದೆಯೆಂದು ಹೇಳುವ ಗೂಗಲ್ ಫ್ಲೂ ಟ್ರೆಂಡ್ಸ್ ಎಂಬ ಯೋಜನೆಯನ್ನು 2008ರಲ್ಲಿ ಆರಂಭಿಸಿತು. ವೈದ್ಯರ ವರದಿಗಿಂತ ಬೇಗ, ಅಗ್ಗವಾಗಿ ತಿಳಿಯಬಹುದೆಂದು ಜಗತ್ತು ಹೊಗಳಿತು. 2012-13ರ ಚಳಿಗಾಲದಲ್ಲಿ ಅದರ ಅಂದಾಜು, ವೈದ್ಯರ ಬಳಿಯಿಂದ ಬಂದ ಲೆಕ್ಕದ ಸುಮಾರು ಇಮ್ಮಡಿಯಾಗಿತ್ತು. 2015ರಲ್ಲಿ ಯೋಜನೆ ನಿಂತಿತು. ಫ್ಲೂ ಎಂದು ಹುಡುಕಿದವನಿಗೆಲ್ಲ ಫ್ಲೂ ಇರುವುದಿಲ್ಲ. ಆತ ಸುದ್ದಿ ನೋಡಿ ಹೆದರಿರಬಹುದು, ಬರೀ ನೆಗಡಿಯಾಗಿರಬಹುದು.

ಈಗ ಯಂತ್ರ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಪುಟಗಳನ್ನು ತೋರಿಸುವ ಬದಲು ಕೃತಕ ಬುದ್ಧಿಮತ್ತೆಯಿಂದ ಉತ್ತರವನ್ನು ತಾನೇ ಬರೆದು ಕೊಡತೊಡಗಿದೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗೂಗಲ್ ಇದನ್ನು ಎಲ್ಲರಿಗೂ ತೆರೆದಾಗ, ಪಿಜ್ಜಾದ ಮೇಲೆ ಚೀಸ್ ನಿಲ್ಲಲು ಗೋಂದು ಬೆರೆಸಿ, ದಿನಕ್ಕೊಂದು ಚಿಕ್ಕ ಕಲ್ಲು ತಿನ್ನಿ ಎಂಬಂತಹ ಸಲಹೆಗಳು ಬಂದವು. ಒಂದು ಯಾರೋ ತಮಾಷೆಗೆ ಬರೆದದ್ದು, ಇನ್ನೊಂದು ವಿಡಂಬನೆಯ ಪತ್ರಿಕೆಯಿಂದ ಬಂದದ್ದು. ಕಲ್ಲು ತಿನ್ನಬಾರದೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಜಗತ್ತು ನಕ್ಕಿತು. ಆದರೆ ಮಧುಮೇಹದ ಮಾತ್ರೆಯ ಬಗ್ಗೆ, ಗರ್ಭಿಣಿಯ ಔಷಧದ ಬಗ್ಗೆ ಅಷ್ಟೇ ಆತ್ಮವಿಶ್ವಾಸದಿಂದ ತಪ್ಪು ಹೇಳಿದರೆ ನಗುವುದಕ್ಕೆ ಬೇಕಾದ ತಿಳುವಳಿಕೆ ನಮ್ಮ ಮನೆಗಳಲ್ಲಿ ಎಷ್ಟು ಮಂದಿಗಿದೆ?

ಹಾಗಂತ ನಾವು ತಂತ್ರಜ್ಞಾನದ ವಿರೋಧಿಗಳಲ್ಲ. ಫೋನನ್ನೇ ಶಪಿಸುವವರ ಸಾಲಿನಲ್ಲಿ ನಮಗೆ ನಿಲ್ಲಬೇಕಿಲ್ಲ. ಒಳ್ಳೆಯ ಪುಸ್ತಕದಂಗಡಿಯೇ ಇಲ್ಲದ ಸಣ್ಣ ಪಟ್ಟಣದ ಹೆಣ್ಣುಮಗಳಿಗೆ ವಿದ್ಯಾರ್ಥಿವೇತನದ ಅರ್ಜಿಯನ್ನು, ಹಳೆಯ ಪ್ರಶ್ನೆಪತ್ರಿಕೆಯನ್ನು, ದೂರದ ವಿಶ್ವವಿದ್ಯಾಲಯದ ಪಾಠವನ್ನು ಮನೆಯೊಳಗೆ ತಂದುಕೊಟ್ಟದ್ದು ಇದೇ ಯಂತ್ರ. ಆ ಉಪಕಾರವನ್ನು ನಿರಾಕರಿಸುವುದು ಅನ್ಯಾಯ. ಆದರೆ ಎಲ್ಲವೂ ಗೂಗಲಿನಲ್ಲಿದೆ, ಇನ್ನು ಗುರುವೇಕೆ, ಗ್ರಂಥವೇಕೆ ಎನ್ನುವವರ ಸಾಲಿನಲ್ಲಿಯೂ ನಾವಿಲ್ಲ.

ಮೂರನೆಯ ಸಾಲೊಂದಿದೆ. ಅಲ್‌ಗೋರಿದಮ್ ಎಂಬ ಪದವೇ ಬಗ್ದಾದಿನ ಅಲ್ ಖ್ವಾರಿಝ್ಮಿಯ ಹೆಸರಿನಿಂದ ಬಂತಲ್ಲವೇ ಎಂದು ವೇದಿಕೆಯಲ್ಲಿ ಎದೆಯುಬ್ಬಿಸಿ ಕೆಳಗಿಳಿಯುವವರ ಸಾಲು. ಬಂದದ್ದು ನಿಜ. ಒಂಬತ್ತನೆಯ ಶತಮಾನದ ಆ ಮಹಾನುಭಾವ ಗಣಿತ ಮಾಡಿದ, ನಾವು ಅವನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೇವೆ. ಬೆಳಕಿನ ಶಾಸ್ತ್ರಕ್ಕೆ ಹೊಸ ಬುನಾದಿ ಹಾಕಿದ ಇಬ್ನುಲ್ ಹೈಸಮ್, ಟಾಲೆಮಿಯಂತಹ ಪ್ರಾಚೀನ ಪಂಡಿತನ ಗ್ರಂಥಗಳ ಮೇಲೆ ಸಂಶಯಗಳ ಒಂದು ಪುಸ್ತಕವನ್ನೇ ಬರೆದರು. ಸತ್ಯವನ್ನು ಅರಸುವವನು ಹಿಂದಿನವರನ್ನು ಮಾತ್ರವಲ್ಲ, ತನ್ನನ್ನೂ ಶಂಕಿಸಿ ಪರೀಕ್ಷಿಸಬೇಕೆಂಬುದು ಅವರ ನಿಲುವಾಗಿತ್ತು. ಅವರ ಹೆಸರನ್ನು ಹುಡುಕಿ ಸ್ಟೇಟಸ್ ಹಾಕುವುದು ಸುಲಭ. ಆ ಹೆಸರಿನ ಕೆಳಗೆ ಬರೆದಿರುವುದು ನಿಜವೇ ಎಂದು ಪರೀಕ್ಷಿಸುವುದು ಅವರ ದಾರಿ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಫೋನ್ ಹಿಡಿದ ಪ್ರತಿಯೊಬ್ಬರೂ ಕೆಲವು ಪ್ರಶ್ನೆಗಳನ್ನು ರೂಢಿಸಿಕೊಳ್ಳಲಿ. ಇದನ್ನು ಹೇಳಿದವರು ಯಾರು? ಹೇಳುವ ಯೋಗ್ಯತೆ ಅವರಿಗಿದೆಯೇ? ಯಾವಾಗ ಹೇಳಿದರು? ಮೇಲಿರುವುದು ಉತ್ತರವೋ ಜಾಹೀರಾತೋ? ಹುಡುಕಿದ್ದನ್ನು ಒಮ್ಮೆ ತಿರುಗಿಸಿಯೂ ಹುಡುಕಿ. ಅಪಾಯ ಎಂದು ಹುಡುಕಿದವರು ಪ್ರಯೋಜನ ಎಂದೂ ಹುಡುಕಲಿ. ಕಾಯಿಲೆಯ ವಿಚಾರದಲ್ಲಿ ಓದಿದ್ದನ್ನು ಡಾಕ್ಟರರ ಮುಂದೆ ಪ್ರಶ್ನೆಯಾಗಿ ಇಡಿ, ತೀರ್ಪಾಗಿ ಇಡಬೇಡಿ. ಶಾಲೆಗಳೂ ಯೋಚಿಸಲಿ. ಹುಡುಕಿ ಪ್ರಿಂಟ್ ತೆಗೆದು ಅಂಟಿಸಿ ತರುವ ಪ್ರಾಜೆಕ್ಟ್‌ಗಳಿಂದ ಮಗು ಕಲಿಯುವುದು ಅಂಟಿಸುವುದನ್ನು ಮಾತ್ರ. ಒಂದೇ ವಿಷಯದ ಬಗ್ಗೆ ಎರಡು ಪುಟಗಳು ಬೇರೆ ಬೇರೆ ಮಾತು ಹೇಳಿದಾಗ ಯಾವುದನ್ನು ಏಕೆ ಒಪ್ಪಬೇಕೆಂದು ತರಗತಿಯಲ್ಲಿ ಚರ್ಚಿಸಿದರೆ ಅದುವೇ ವಿಜ್ಞಾನದ ಮೊದಲ ಪಾಠ.

ಮತ್ತೊಂದು ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಪಟ್ಟಣದಲ್ಲಿ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ರಶೀದಿಯನ್ನು ತೆಗೆದು ನೋಡಿ. ನಮ್ಮ ಹಣದಿಂದ ನಡೆಯುವ ಆ ಗ್ರಂಥಾಲಯದ ಮೆಟ್ಟಿಲನ್ನು ನಮ್ಮ ಮಕ್ಕಳು ಕೊನೆಯ ಬಾರಿ ಹತ್ತಿದ್ದು ಯಾವಾಗ? ಅಲ್ಲಿ ಒಳ್ಳೆಯ ಪುಸ್ತಕಗಳಿಲ್ಲವೆಂದಾದರೆ ಕೇಳುವ ಹಕ್ಕು ನಮಗಿದೆ. ಕೇಳಿದ್ದೇವೆಯೇ? ಮಾತೃಭಾಷೆಗೆ ಅವಮಾನವಾಯಿತೆಂದು ಕ್ಯಾಲಿಫೋರ್ನಿಯಾದ ಕಂಪೆನಿಯ ಮೇಲೆ ಕೂಗಾಡಿದ ನಾವು, ಅದೇ ಭಾಷೆಯ ಪುಸ್ತಕಗಳಿರುವ ಕಪಾಟಿಗೆ ಬೀಗ ಬಿದ್ದಾಗ ಸುಮ್ಮನಿದ್ದರೆ ಆ ಕೂಗಿಗೆ ಅರ್ಥವೇನು?

ಯಂತ್ರ ಕ್ಷಣಾರ್ಧದಲ್ಲಿ ಹುಡುಕಿ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಹುಡುಕಿ ಸಿಕ್ಕಿದ್ದರಲ್ಲಿ ಕಾಳು ಯಾವುದು, ಜಳ್ಳು ಯಾವುದು ಎಂದು ಕೇರಿ ನೋಡುವ ಮೊರ ನಮ್ಮ ಕೈಯಲ್ಲಿಯೇ ಇರಲಿ. ಅದನ್ನೂ ಕಂಪೆನಿಗೆ ಒಪ್ಪಿಸಿದವರಿಗೆ ನಾಳೆ ಕಲ್ಲನ್ನು ಅನ್ನವೆಂದು ಬಡಿಸಿದರೂ ಗೊತ್ತಾಗಲಾರದು.