ಜಾತಕ ನೋಡಿ ಸೈಕಲ್ ಕಟ್ಟುವವರು

ಹಳೆಯ ರೇಸಿಂಗ್ ಸೈಕಲ್ಲುಗಳ ಸಂಗ್ರಾಹಕರಲ್ಲಿ ಒಂದು ಮಡಿ ಇದೆ: ಫ್ರೇಮು 1974ರದ್ದಾದರೆ ಬಿಡಿಭಾಗಗಳೂ 1974ರವೇ ಆಗಬೇಕು. ಇಟಲಿಯ ಕ್ಯಾಂಪಾನ್ಯೋಲೊ ಕಂಪನಿ ‘ನುವೊವೊ ರೆಕಾರ್ಡ್’ ಎಂಬ ತನ್ನ ಹಿಂಗಾಲಿಯ ಗೇರಿನ ಮೇಲೆ ‘ಪೇಟೆಂಟ್ 74’ ಎಂಬಂತೆ ಇಸವಿ ಒತ್ತುತ್ತಿತ್ತು. ಆ ಎರಡಂಕಿಯೇ ಈಗ ಜಾತಕ. 76 ಎಂದಿದ್ದರೆ ಸಂಬಂಧ ಕೂಡಿಬರಲಿಲ್ಲ!

ಓಡಿದ ಸೈಕಲ್ಲು ಹೀಗಿರುವುದುಂಟೇ? ಚೈನು ಸವೆಯುತ್ತದೆ, ಬ್ರೇಕಿನ ರಬ್ಬರು ಕಲ್ಲಾಗುತ್ತದೆ, ಬಿದ್ದಾಗ ಗೇರು ಮುರಿಯುತ್ತದೆ. ಸವಾರ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಳ್ಳುತ್ತಾನೆ. ಎಲ್ಲವೂ ಒಂದೇ ವರ್ಷದ್ದಾಗಿ ಉಳಿದಿದ್ದರೆ ಅದು ಬಹುಪಾಲು ಗೋಡೆಗೆ ನೇತುಬಿದ್ದಿದ್ದ ಸೈಕಲ್ಲು.

ಹೊಂದಿಕೆ ಬೇಡವೆಂದಲ್ಲ, ಅಳತೆಯ ಹೊಂದಿಕೆ ಬೇಕೇಬೇಕು. ಪೆಡಲಿನ ಅಚ್ಚು ಕೂರುವ ಕೊಳವೆ ಇಟಲಿಯ ಫ್ರೇಮುಗಳಲ್ಲಿ 70 ಮಿಲಿಮೀಟರ್ ಅಗಲ, ಇಂಗ್ಲಿಷ್ ಅಳತೆಯವುಗಳಲ್ಲಿ 68, ಥ್ರೆಡ್ಡೂ ಬೇರೆ. ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಹಾಳು. ಚಿನೆಲ್ಲಿಯ ಹಳೆಯ 26.4ರ ಸ್ಟೆಮ್ಮಿಗೆ 26.0ರ ಹ್ಯಾಂಡಲ್ ಸಿಕ್ಕಿಸಿದರೆ ಇಳಿಜಾರಿನಲ್ಲಿ ಅದು ಕೈಕೊಡಬಹುದು. ಇಸವಿಗೆ ತೋರುವ ಶ್ರದ್ಧೆಯಲ್ಲಿ ಅರ್ಧವನ್ನಾದರೂ ಇದಕ್ಕೆ ತೋರಬಾರದೇ?

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದಕ್ಕೆ. ಸರಿಯಾದ ಇಸವಿಯ ಭಾಗಕ್ಕೆ ಬೆಲೆ ಏರಿದಾಗ, ಇಡೀ ಸೈಕಲ್ಲಿಗಿಂತ ಬಿಚ್ಚಿ ಮಾರಿದ ತುಂಡುಗಳಿಗೇ ಹೆಚ್ಚು ದುಡ್ಡು. ಹಾಗಾಗಿ ಚೆನ್ನಾಗಿ ಓಡುತ್ತಿದ್ದ ಒಂದನ್ನು ಕೊಂದು, ಓಡದ ಇನ್ನೊಂದನ್ನು ‘ಅಸಲಿ’ ಮಾಡುತ್ತಾರೆ. ಇದನ್ನು ಪರಂಪರೆಯ ರಕ್ಷಣೆ ಎಂದು ಬೇರೆ ಕರೆಯುತ್ತಾರೆ.

ಟಸ್ಕನಿಯ ಗಾಯೋಲೆಯಲ್ಲಿ 1997ರಿಂದ ನಡೆದುಬಂದಿರುವ ‘ಲೆರೋಯಿಕಾ’ ಹಳೆಯ ಸೈಕಲ್ಲುಗಳದೇ ಸವಾರಿ. ಅಲ್ಲಿ ಗೇರಿನ ಕಡ್ಡಿ ಫ್ರೇಮಿನ ಮೇಲಿರಬೇಕು, ಪೆಡಲಿಗೆ ಪಟ್ಟಿಯಿರಬೇಕು, ಬ್ರೇಕಿನ ಕೇಬಲ್ಲು ಹ್ಯಾಂಡಲಿನ ಹೊರಗೆ ಹಾಯಬೇಕು. ಗೇರಿನ ಮೇಲೆ 74 ಇದೆಯೋ 76 ಇದೆಯೋ, ಆ ಬಿಳಿ ಮಣ್ಣಿನ ರಸ್ತೆ ಕೇಳುವುದಿಲ್ಲ.